ನಿಜವಾದ ಪ್ರೀತಿ: ಮಾತು ಮುಗಿಯುವ ತನಕ ಕಾಯುವುದು

(ಸಂಘದ ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ‘ಇಂದಿನ ಕಾಲದಲ್ಲಿ ನಿಜವಾದ ಪ್ರೀತಿ’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹ ರೂಪ)



ಹದಿನೈದು ದಿನಗಳ ಹಿಂದೆ ಕಾರ್ಯದರ್ಶಿಯವರು ಫೋನ್ ಮಾಡಿ, ‘ಈ ಸಲ ನೀವು ಪ್ರೀತಿಯ ಬಗ್ಗೆ ಮಾತಾಡಬೇಕು’ ಎಂದಾಗ ನನಗೆ ನಗು ಬಂತು. ಇಪ್ಪತ್ತಾರು ವರ್ಷ ಒಂದನೇ ಇಯತ್ತೆಯ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವಳು ನಾನು. ‘ಅ’ ಅಂದರೆ ಅರಸ, ‘ಆ’ ಅಂದರೆ ಆನೆ ಎನ್ನುವುದನ್ನು ಹೇಳಿಕೊಡಬಲ್ಲೆ. ಪ್ರೀತಿ ಅಂದರೆ ಏನು ಎಂದು ಯಾವ ತಖ್ತೆಯ ಮೇಲೆ ಬರೆದು ತೋರಿಸಲಿ? ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮಗಳು, ‘ಅಮ್ಮಾ, ನಮ್ಮ ಮನಿ ಕಥಿನ ಹೇಳು’ ಎಂದಳು. ಅವಳ ಅಪ್ಪನನ್ನೂ ಕೇಳಿದೆ. ಅವರು ತಲೆಯಾಡಿಸಿದರು. ಇಬ್ಬರ ಒಪ್ಪಿಗೆ ಪಡೆದೇ ಇಲ್ಲಿ ನಿಂತಿದ್ದೇನೆ. ಅವರಿಬ್ಬರೂ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಆದ್ದರಿಂದ ನಾನು ಸುಳ್ಳು ಹೇಳುವ ಹಾಗೂ ಇಲ್ಲ.

ನನ್ನ ಮದುವೆ ಆದದ್ದು 1988ರಲ್ಲಿ, ಧಾರವಾಡದಲ್ಲಿ. ಗೆಳತಿಯೊಬ್ಬಳು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯನ್ನು ಉಡುಗೊರೆ ಕೊಟ್ಟಿದ್ದಳು. 1942ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ನಮ್ಮ ಕಾಲದಲ್ಲೂ ಹೊಸ ಮದುಮಗಳ ಕೈಗೆ ಬರುತ್ತಿತ್ತು. ಅದನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ಡೊಂಬಿವಲಿಗೆ ಬಂದೆ. ಬಂದ ಮೇಲೆ ಗೊತ್ತಾಯಿತು, ನಮ್ಮ ಮನೆಯವರಿಗೆ ಕವಿತೆ ಓದಲು ಪುರುಸೊತ್ತಿಲ್ಲ. ಬೆಳಿಗ್ಗೆ 7.20ರ ಲೋಕಲ್ ಹಿಡಿಯಬೇಕು, ರಾತ್ರಿ ಎಂಟೂವರೆಗೆ ಬೆವರಿನಲ್ಲಿ ತೊಯ್ದು ಮನೆಗೆ ಬರಬೇಕು. ಅವರು ಕೆಟ್ಟವರಲ್ಲ. ಸಂಬಳದ ಪಾಕೀಟನ್ನು ತಂದು ದೇವರ ಮುಂದೆ ಇಡುತ್ತಿದ್ದರು. ನನ್ನ ನೌಕರಿಗೆ ಎಂದೂ ಅಡ್ಡಿ ಬರಲಿಲ್ಲ. ಆದರೆ ಮಾತು ಅಂದರೆ ‘ಚಾ ಆತೇನು?’, ‘ಛತ್ರಿ ಎಲ್ಲೇದ?’ ಇಷ್ಟೇ. ನನ್ನ ಹೆಸರು ಹಿಡಿದು ಕರೆದದ್ದಂತೂ ಇಲ್ಲವೇ ಇಲ್ಲ. ‘ಕೇಳಿದೇನು?’ ಎಂದರೆ ಅದು ನಾನು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಡತಿಯ ಹೆಸರೇ ‘ಕೇಳಿದೇನು’. ನೀವು ನಗುತ್ತಿದ್ದೀರಿ ಅಂದರೆ ನಿಮ್ಮ ಮನೆಯಲ್ಲೂ ಅದೇ ಹೆಸರಿದೆ ಎಂದಾಯಿತು.

ಅವರು ಮಾತಾಡುತ್ತಿರಲಿಲ್ಲ, ಆದ್ದರಿಂದ ನಾನು ಇಬ್ಬರ ಪರವಾಗಿಯೂ ಮಾತಾಡುತ್ತಿದ್ದೆ. ಶಿಕ್ಷಕಿಯ ಬಾಯಿ ಬೇರೆ. ಮಗು ‘ಕ’ ಎನ್ನುವ ಮೊದಲೇ ‘ಕಮಲ’ ಎಂದು ಹೇಳಿ ಮುಗಿಸುವ ರೂಢಿ. ಗಂಡ ಅರ್ಧ ಹೇಳಿದರೆ ಉಳಿದರ್ಧ ನಾನು ಹೇಳುವುದು, ಮಗಳು ಬಾಯಿ ತೆರೆದರೆ ಅವಳಿಗೆ ಏನು ಬೇಕೆಂದು ನಾನೇ ಹೇಳಿಬಿಡುವುದು. ಇದನ್ನು ನಾನು ನನ್ನ ಹೆಚ್ಚುಗಾರಿಕೆ ಅಂದುಕೊಂಡಿದ್ದೆ. ಹೇಳದೆ ಎಲ್ಲ ತಿಳಿದುಕೊಳ್ಳುವುದೇ ಪ್ರೀತಿ ಎಂದು ನಮಗೆ ಸಿನಿಮಾದವರೂ ಹೇಳಿಕೊಟ್ಟಿದ್ದರು, ಮನೆಯ ಹಿರಿಯರೂ ಹೇಳಿಕೊಟ್ಟಿದ್ದರು.

2019ರ ಫೆಬ್ರವರಿಯ ಒಂದು ಮುಂಜಾನೆ. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಹಾಸಿಗೆಯ ಮೇಲೆ ಎದ್ದು ಕೂತು, ‘ತಲಿ ಯಾಕೋ ಒಂಥರಾ ಆಗೇದ, ಈ ಕೈ...’ ಎಂದರು. ನಾನು ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದೆ. ‘ರಾತ್ರಿ ನಿದ್ದಿ ಇಲ್ಲ, ಅದಕ್ಕ ಹಂಗಾಗೇದ. ಇವತ್ತ ರಜಾ ಹಾಕಿ ಮಲಕೋರಿ’ ಎಂದೆ. ಅವರು ಸುಮ್ಮನೆ ಮಲಗಿದರು. ನಾನು ಶಾಲೆಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಎತ್ತಲು ಆಗುತ್ತಿರಲಿಲ್ಲ, ಮಾತು ನಿಂತಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು, ‘ಯಾವಾಗ ಶುರುವಾಯಿತು?’ ಎಂದು. ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಪಾರ್ಶ್ವವಾಯು ಆದರೆ, ಆ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಂತೆ. ನಾವು ಆ ಹೊತ್ತು ದಾಟಿ ಬಂದಿದ್ದೆವು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದು. ಅವರು ‘ಈ ಕೈ...’ ಎಂದು ಶುರು ಮಾಡಿದ ಮಾತನ್ನು ನಾನು ಪೂರ್ತಿ ಕೇಳಲಿಲ್ಲ. ಅಕ್ಕತಂಗಿಯರೇ, ಪ್ರೀತಿಯ ವಿಷಯ ಪಕ್ಕಕ್ಕಿರಲಿ, ಇದೊಂದನ್ನು ನೆನಪಿಟ್ಟುಕೊಂಡು ಹೋಗಿ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಮಲಗಿಸಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಇಲ್ಲವೇ ರಿಕ್ಷಾ ಹಿಡಿದು ದೊಡ್ಡ ಆಸ್ಪತ್ರೆಗೆ ಹೊರಡಿ.

ಅವರ ಜೀವ ಉಳಿಯಿತು. ಬಲಗಾಲು ನಿಧಾನವಾಗಿ ಹಿಡಿತಕ್ಕೆ ಬಂತು, ಬಲಗೈ ಅರ್ಧ ಬಂತು. ಮಾತು ಮಾತ್ರ ಬರಲಿಲ್ಲ. ಅದಕ್ಕೆ ‘ಅಫೇಸಿಯಾ’ ಎನ್ನುತ್ತಾರೆ. ಹೆಚ್ಚಿನ ಜನರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ದೇಹದ ಬಲಭಾಗವನ್ನು ನಡೆಸುವುದೂ ಅದೇ. ಹಾಗಾಗಿ ಬಲಗೈ ಬಿದ್ದವರಲ್ಲಿ ಹಲವರಿಗೆ ಮಾತೂ ಬಿದ್ದುಹೋಗುತ್ತದೆ. ಇವರಿಗೆ ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ಬುದ್ಧಿ ಸರಿಯಾಗಿತ್ತು. ಹೇಳಬೇಕಾದ ಶಬ್ದ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಬೀಗ ಹಾಕಿದ ಮನೆಯೊಳಗೆ ಮನುಷ್ಯ ಎಚ್ಚರವಾಗಿ ಕೂತ ಹಾಗೆ. ನೋಡಲು ಬಂದ ಕೆಲವರು ಅವರಿಗೆ ಕಿವಿ ಕೇಳುವುದಿಲ್ಲ ಎಂದು ಜೋರಾಗಿ ಕೂಗುತ್ತಿದ್ದರು, ಇನ್ನು ಕೆಲವರು ಅವರೆದುರೇ ‘ಪಾಪ, ಎಲ್ಲಾ ಹೋತಲ್ಲ’ ಎನ್ನುತ್ತಿದ್ದರು. ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಸ್ಪೀಚ್ ಥೆರಪಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಥೆರಪಿಸ್ಟ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಮೊದಲ ದಿನ ಅವಳು ಇವರಿಗೆ ಲೋಟದ ಚಿತ್ರ ತೋರಿಸಿ, ‘ಹೇ ಕಾಯ್?’ ಎಂದು ಕೇಳಿದಳು. ಇವರು ತುಟಿ ಅಲ್ಲಾಡಿಸಿದರು. ನಾನು ಪಕ್ಕದಿಂದ ‘ಲೋಟ’ ಎಂದೆ. ಅವಳು ಬಾಳೆಹಣ್ಣಿನ ಚಿತ್ರ ತೋರಿಸಿದಳು. ಇವರು ಉಸಿರು ಎಳೆದುಕೊಂಡರು. ನಾನು ‘ಬಾಳೆಹಣ್ಣು’ ಎಂದೆ. ಆಗ ಆ ಹುಡುಗಿ ಕಾರ್ಡುಗಳನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: ‘ಕಾಕು, ಪರೀಕ್ಷೆ ನಿಮಗಲ್ಲ, ಕಾಕಾಗೆ. ಅವರ ಮಾತನ್ನು ನೀವು ಮುಗಿಸಬೇಡಿ. ಒಂದು ನಿಮಿಷ ಆಗಲಿ, ಎರಡು ನಿಮಿಷ ಆಗಲಿ, ಕಾಯಿರಿ. ನೀವು ಮುಗಿಸಿದರೆ ಅವರು ಪ್ರಯತ್ನ ಮಾಡುವುದನ್ನೇ ಬಿಟ್ಟುಬಿಡುತ್ತಾರೆ.’

ನನಗೆ ಅವಮಾನವಾಯಿತು. ಎಷ್ಟೋ ಮಕ್ಕಳಿಗೆ ಪಾಠ ಹೇಳಿದವಳಿಗೆ ಈ ಹುಡುಗಿ ಪಾಠ ಹೇಳುತ್ತಾಳಲ್ಲ ಎಂದು. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ಅಷ್ಟು ದಿನ ಈ ಮನುಷ್ಯ ಮಾತಾಡುವುದಿಲ್ಲ ಎಂದು ನಾನು ಊರಿಗೆಲ್ಲ ದೂರು ಹೇಳಿದ್ದೆ. ಮಾತಾಡಲು ನಾನು ಎಷ್ಟು ಜಾಗ ಬಿಟ್ಟಿದ್ದೆ ಎಂದು ಕೇಳಿಕೊಂಡಿರಲಿಲ್ಲ.

ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ‘ಮನೆಯಲ್ಲಿ ಅವರ ಮಾತೃಭಾಷೆಯಲ್ಲಿ ಅಭ್ಯಾಸ ಮಾಡಿಸುವವರು ನೀವೇ’ ಎಂದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಚಿತ್ರ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದು ಕಾರ್ಡು ಮಾಡಿದೆ. ನೀರು, ಅನ್ನ, ಚಾ, ಚಪ್ಪಲಿ, ಕನ್ನಡಕ. ಒಂದು ಮಧ್ಯಾಹ್ನ ನೀರಿನ ಕಾರ್ಡು ತೋರಿಸಿ ಕಾದೆ. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟಿತ್ತು. ಹಣೆಯ ಮೇಲೆ ಬೆವರು ಒಡೆದು ಬಾಯಿಂದ ಬಂತು: ‘ಪಾಣಿ’. ನೀರು ಅಲ್ಲ, ಪಾಣಿ! ಕಚೇರಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಡತದಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ನಮ್ಮ ಮುಂಬಯಿ ಕನ್ನಡಿಗರ ತಲೆಯೊಳಗಿನ ಕಪಾಟು ಹೀಗೆ ನಾಲ್ಕು ಅರೆಗಳದ್ದು. ಯಾವ ಅರೆಯಿಂದ ಶಬ್ದ ಕೈಗೆ ಸಿಕ್ಕಿತೋ ಅದನ್ನೇ ಕೊಟ್ಟರು. ಕನ್ನಡ ಸಂಘದ ವೇದಿಕೆಯ ಮೇಲೆ ಹೇಳಬಾರದೇನೋ, ಆದರೆ ಆ ದಿನ ಆ ಮರಾಠಿ ಶಬ್ದ ನನಗೆ ಅಮೃತದ ಹಾಗೆ ಕೇಳಿಸಿತು. ನಾನು ತಿದ್ದಲಿಲ್ಲ. ಲೋಟ ತುಂಬ ನೀರು ಕೊಟ್ಟೆ.

ಇನ್ನೊಂದು ವಿಚಿತ್ರ ಕೇಳಿ. ‘ನೀರು’ ಎನ್ನಲಾಗದ ಮನುಷ್ಯ, ಏಕಾದಶಿಯ ದಿನ ನಾನು ದಾಸರ ಪದ ಗುನುಗುತ್ತಿದ್ದರೆ ದನಿಗೂಡಿಸಿದರು. ಶಬ್ದಗಳು ಅರೆಬರೆಯಾಗಿದ್ದರೂ ಎಲ್ಲ ಜಾಗದಲ್ಲಿದ್ದವು. ನಾನು ಹೆದರಿ ಥೆರಪಿಸ್ಟ್‌ಗೆ ಫೋನ್ ಮಾಡಿದೆ. ಅವಳು ಹೇಳಿದಳು, ಹಾಡುವಾಗ ಮೆದುಳಿನ ಬಲಭಾಗವೂ ಕೆಲಸ ಮಾಡುತ್ತದೆ, ಬಾಯಿಪಾಠವಾದ ಹಾಡು, ಪ್ರಾರ್ಥನೆ, ಎಣಿಕೆ ಎಷ್ಟೋ ಸಲ ಉಳಿದುಕೊಂಡಿರುತ್ತವೆ, ಬೈಗುಳ ಕೂಡ ಎಂದು. ಕೊನೆಯದು ನಿಜವಾಯಿತು. ಅವರ ಬಾಯಿಂದ ಬಂದ ಮೊದಲ ಸ್ಪಷ್ಟ ಕನ್ನಡ ಮಾತು ‘ಹಾಳಾಗ್ ಹೋಗ್ಲಿ’. ಅದು ಸೀದುಹೋದ ಉಪ್ಪಿಟ್ಟಿಗೆ! ನಾನೂ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಮೊದಲ ನಗು ಅದು.

ಐದನೆಯ ತಿಂಗಳಲ್ಲಿ ಥೆರಪಿಸ್ಟ್ ಮನೆಮಂದಿಯ ಫೋಟೋಗಳನ್ನು ತರಲು ಹೇಳಿದ್ದಳು. ತಾಯಿಯ ಫೋಟೋಕ್ಕೆ ‘ಅವ್ವ’ ಎಂದರು. ಮಗಳ ಹೆಸರು ಅರ್ಧ ಹೇಳಿದರು. ನನ್ನ ಫೋಟೋ ಬಂದಾಗ ಬಹಳ ಹೊತ್ತು ನೋಡಿದರು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ‘ಕೇಳಿದೇನು’ ಎನ್ನಬಹುದು ಎಂದುಕೊಂಡೆ. ನನ್ನ ಹೆಸರು ಹೇಳಿದರು. ನಿಧಾನವಾಗಿ, ಒಂದೊಂದೇ ಅಕ್ಷರ. ನನಗೆ ಒಂದನೇ ಇಯತ್ತೆಯ ಮಗು ಮೊದಲ ಸಲ ತನ್ನ ಹೆಸರನ್ನು ತಾನೇ ಓದಿದ ದಿನ ನೆನಪಾಯಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನೀವೆಲ್ಲ ಚಪ್ಪಾಳೆ ತಟ್ಟಿ, ‘ಎಂಥಾ ಪತಿಸೇವೆ’ ಎಂದು ನನ್ನನ್ನು ಹೊಗಳಿ ಮನೆಗೆ ಹೋಗುತ್ತೀರಿ. ಆ ಹೊಗಳಿಕೆ ನನಗೆ ಬೇಡ. ಆಗ ನಮ್ಮ ಬಂಧುಗಳೊಬ್ಬರು ‘ನೀನು ಸಾವಿತ್ರಿ’ ಎಂದಿದ್ದರು. ಆ ದಿನ ನಾನು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟು, ಸದ್ದು ಹೊರಗೆ ಕೇಳದ ಹಾಗೆ ಅತ್ತಿದ್ದೆ. ಅವರ ಮೇಲೆ ಸಿಟ್ಟು ಮಾಡಿ ಕಾರ್ಡು ಬಿಸಾಕಿದ ದಿನಗಳಿವೆ. ಕೆಳಗಿನ ಮಹಡಿಯ ಮರಾಠಿ ಮಾವಶಿ ಇದನ್ನು ಗಮನಿಸಿ, ದಿನಾ ಸಂಜೆ ಐದರಿಂದ ಆರರವರೆಗೆ ನಮ್ಮ ಮನೆಯಲ್ಲಿ ಬಂದು ಕೂಡತೊಡಗಿದರು. ‘ನೀನು ಹೊರಗೆ ಹೋಗು, ಎಲ್ಲಿಗೆ ಅಂತ ನಾ ಕೇಳುವುದಿಲ್ಲ’ ಎನ್ನುತ್ತಿದ್ದರು. ಆ ಒಂದು ಗಂಟೆ ಸಿಗದಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ. ಒಬ್ಬಳು ಸವೆದುಹೋಗಿ ಇನ್ನೊಬ್ಬರು ಉಳಿಯುವುದಕ್ಕೆ ಪ್ರೀತಿ ಎಂದು ಹೆಸರು ಕೊಡಬೇಡಿ. ಸಹಾಯ ಕೇಳುವುದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ.

ಒಮ್ಮೆ ಗೆಳತಿಯೊಬ್ಬಳು ನೇರವಾಗಿ ಕೇಳಿದಳು: ‘ನಿನಗೇ ಹೀಗಾಗಿದ್ದರೆ ಅವರು ಇಷ್ಟು ಮಾಡುತ್ತಿದ್ದರಾ?’ ನನ್ನ ಉತ್ತರ, ಗೊತ್ತಿಲ್ಲ. ನಮ್ಮ ಪೀಳಿಗೆಯ ಗಂಡಸರಿಗೆ ಆರೈಕೆ ಮಾಡುವುದನ್ನು ಯಾರೂ ಕಲಿಸಲಿಲ್ಲ. ಈಗ ಅವರೇ ಎಡಗೈಯಲ್ಲಿ ಚಾ ಮಾಡುತ್ತಾರೆ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಾರೆ. ಅರವತ್ತನೇ ವಯಸ್ಸಿನಲ್ಲಿ ಕಲಿತದ್ದನ್ನು ಇಪ್ಪತ್ತೈದರಲ್ಲಿ ಕಲಿಯಬಹುದಿತ್ತು. ನಿಮ್ಮ ಗಂಡುಮಕ್ಕಳಿಗೆ ಈಗಲೇ ಕಲಿಸಿ.

ಈಗ ಮಗಳ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಲು ಕಷ್ಟವಾಗುವುದು ಇದೇ.

ಅವಳ ಮದುವೆ 2016ರಲ್ಲಿ ಆಯಿತು. ಜಾತಕ ನೋಡಿ, ಎರಡೂ ಮನೆಯವರು ಒಪ್ಪಿ ಮಾಡಿದ ಮದುವೆ. ಇಬ್ಬರಿಗೂ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಅಳಿಯ ದಿನಕ್ಕೆ ಮೂವತ್ತು ನಲವತ್ತು ಮೆಸೇಜು ಕಳಿಸುತ್ತಿದ್ದರು. ತಲುಪಿದಿಯಾ, ಊಟ ಆಯಿತಾ, ಯಾರ ಜೊತೆ ಇದ್ದೀ, ಫೋಟೋ ಕಳಿಸು. ಅವಳ ಫೋನಿನಲ್ಲಿ ಲೊಕೇಶನ್ ಯಾವಾಗಲೂ ತೆರೆದೇ ಇರಬೇಕು. ಅವಳು ನಮ್ಮ ಮನೆಗೆ ಬಂದಾಗ ಹತ್ತು ನಿಮಿಷಕ್ಕೊಮ್ಮೆ ಫೋನು ಕಿಣಿ ಎನ್ನುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಗಂಡ ಒಮ್ಮೆಯೂ ‘ಊಟ ಆತೇನು’ ಎಂದು ಫೋನ್ ಮಾಡಿದವರಲ್ಲ. ಇದೇ ಇಂದಿನ ಕಾಲದ ಪ್ರೀತಿ, ನನ್ನ ಮಗಳಾದರೂ ಪುಣ್ಯವಂತೆ ಎಂದುಕೊಂಡೆ.

2018ರ ದೀಪಾವಳಿ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ನಾನು ಚಕ್ಕುಲಿ ಕರಿಯುತ್ತಿದ್ದೆ. ಅವಳು ಮೆಲ್ಲಗೆ, ‘ಅಮ್ಮಾ, ಅವರು ನನ್ನ ಮ್ಯಾಲ ಭಾಳ...’ ಎಂದಳು.

‘ಜೀವಾ ಇಟ್ಟಾರ, ನನಗ ಗೊತ್ತದ ಬಿಡು! ಪುಣ್ಯಾ ಮಾಡೀದಿ ನೀನು’ ಎಂದು ನಾನು ಮಾತು ಮುಗಿಸಿದೆ. ಅವಳು ನನ್ನ ಮುಖ ನೋಡಿದಳು. ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು ಹೊರಗೆ ಹೋದಳು.

ಅವಳು ಹೇಳಲು ಬಂದಿದ್ದ ಮಾತು ಬೇರೆ. ‘ಅವರು ನನ್ನ ಮ್ಯಾಲ ಭಾಳ ಸಂಶಯ ಪಡ್ತಾರ.’ ಆ ಒಂದು ಶಬ್ದ ನನ್ನ ಕಿವಿಗೆ ಬೀಳಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷಗಳಲ್ಲಿ ಏನೇನಾಯಿತು ಎಂಬುದೆಲ್ಲ ಅವಳದ್ದು, ಅದನ್ನು ಇಲ್ಲಿ ಹೇಳುವ ಹಕ್ಕು ನನಗಿಲ್ಲ. ಅವಳು ಒಪ್ಪಿದಷ್ಟನ್ನು ಹೇಳುತ್ತೇನೆ. ಸಂಬಳ ಬರುವ ಖಾತೆಯ ಪಾಸ್‌ವರ್ಡು ಅವಳ ಕೈಯಲ್ಲಿರಲಿಲ್ಲ. ಗೆಳತಿಯರ ಜೊತೆಗಿನ ಮಾತು ನಿಂತುಹೋಗಿತ್ತು. ಅಪ್ಪನಿಗೆ ಪಾರ್ಶ್ವವಾಯು ಆದಾಗ ನಮಗೆ ಇನ್ನೊಂದು ಚಿಂತೆ ಕೊಡಬಾರದೆಂದು ನುಂಗಿಕೊಂಡಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಎಲ್ಲರೂ ‘ಮನೆಯಲ್ಲಿರಿ, ಸುರಕ್ಷಿತವಾಗಿರಿ’ ಎನ್ನುತ್ತಿದ್ದಾಗ ನನ್ನ ಮಗಳು ಎರಡು ಕೋಣೆಯ ಮನೆಯಲ್ಲಿ, ಅವಳ ಪ್ರತಿ ಉಸಿರಿಗೂ ಲೆಕ್ಕ ಕೇಳುವವನ ಜೊತೆ ಇದ್ದಳು. ನಾನು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದೆ. ‘ಆರಾಮ ಇದ್ದೀಯಲ್ಲ?’ ಎಂದು ಕೇಳುತ್ತಿದ್ದೆ. ನೋಡಿ, ನನ್ನ ಪ್ರಶ್ನೆಯೊಳಗೇ ಉತ್ತರ ಇತ್ತು. ಅವಳು ‘ಹೂಂ’ ಎನ್ನುವುದಷ್ಟೇ ಬಾಕಿ.

ಆ ವರ್ಷದ ದೀಪಾವಳಿಗೆ ಅವಳೊಬ್ಬಳೇ ಬಂದಳು. ಅಷ್ಟು ಹೊತ್ತಿಗೆ ನಾನು ಗಂಡನ ಮಾತು ಕಾಯುವುದನ್ನು ಕಲಿತಿದ್ದೆ, ಮಗಳ ಮಾತು ಕಾಯುವುದನ್ನು ಇನ್ನೂ ಕಲಿತಿರಲಿಲ್ಲ. ಒಂದು ಸಂಜೆ ಅಪ್ಪ ಮಗಳು ಗ್ಯಾಲರಿಯಲ್ಲಿ ಕೂತಿದ್ದರು. ಚಾ ತೆಗೆದುಕೊಂಡು ಹೋದ ನಾನು ಬಾಗಿಲ ಹತ್ತಿರವೇ ನಿಂತೆ. ಅವಳು ಮಾತಾಡುತ್ತಿದ್ದಳು. ನಡುನಡುವೆ ನಿಲ್ಲಿಸುತ್ತಿದ್ದಳು. ಅವರು ಏನೂ ಹೇಳುತ್ತಿರಲಿಲ್ಲ, ಹೇಳಲು ಆಗುತ್ತಿರಲಿಲ್ಲ. ಮುಖ ಅವಳ ಕಡೆಗೇ ಇತ್ತು. ‘ಹೊಂದಿಕೊಂಡು ಹೋಗು’ ಎನ್ನಲು ಅವರಲ್ಲಿ ಅಷ್ಟು ಶಬ್ದಗಳಿರಲಿಲ್ಲ. ‘ಜನ ಏನಂತಾರ’ ಎನ್ನಲೂ ಇರಲಿಲ್ಲ. ಅವಳು ಪೂರ್ತಿ ಹೇಳಿ ಮುಗಿಸಿದಳು. ನನ್ನ ಕೈಯಲ್ಲಿ ಚಾ ತಣ್ಣಗಾಗಿತ್ತು.

ಅವರು ಎಡಗೈ ಚಾಚಿ ಅವಳ ಕೈ ಹಿಡಿದರು. ಬಾಯಿ ಎರಡು ಮೂರು ಸಲ ಅಲ್ಲಾಡಿತು. ಅವಳು ಕಾದಳು. ನಾನೂ ಬಾಗಿಲಲ್ಲಿ ಕಾದೆ. ಕೊನೆಗೆ ಬಂತು:

‘ಇಲ್ಲೇ... ಇರು.’

ಎರಡೇ ಶಬ್ದ. ಮಗಳು ಮತ್ತೆ ಆ ಮನೆಗೆ ಹೋಗಲಿಲ್ಲ. ಆಮೇಲೆ ವಕೀಲರು, ಕೋರ್ಟು, ಎಲ್ಲ ಆಯಿತು. ಈಗ ಮುಗಿದಿದೆ. ರಾತ್ರಿ ಅವಳ ಪಕ್ಕ ಮಲಗಿ, ‘ನನಗ್ಯಾಕ ಹೇಳಲಿಲ್ಲ?’ ಎಂದು ಕೇಳಿದ್ದೆ. ‘ಹೇಳಿದ್ದೆ ಅಮ್ಮಾ. ನೀ ಮುಗಿಸಿಬಿಟ್ಟಿ’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಹಾಗಾದರೆ ನಿಜವಾದ ಪ್ರೀತಿ ಯಾವುದು? ನನ್ನ ಅನುಭವಕ್ಕೆ ತಿಳಿದದ್ದು ಇಷ್ಟು. ಎದುರಿನವರ ಮಾತು ಮುಗಿಯುವ ತನಕ ಕಾಯುವುದು. ಅವರೊಳಗೆ ಏನಿದೆಯೋ ಅದು ಅವರ ಬಾಯಿಂದಲೇ ಬರಲಿ ಎಂದು ಜಾಗ ಬಿಡುವುದು. ಬಂದ ಮಾತು ನಾವು ಅಂದುಕೊಂಡದ್ದಕ್ಕೆ ಪೂರ್ತಿ ಬೇರೆಯಾಗಿದ್ದರೂ ಅದನ್ನು ನಂಬುವುದು. ‘ನಿನ್ನ ಮನಸ್ಸಿನಲ್ಲಿರುವುದು ನನಗೆ ಗೊತ್ತು’ ಎನ್ನುವವರು ಬಹಳ ಜನ ಸಿಗುತ್ತಾರೆ. ‘ನನಗೆ ಗೊತ್ತಿಲ್ಲ, ನೀನೇ ಹೇಳು’ ಎನ್ನುವವರು ಕಡಿಮೆ.

ಕಾವಲು ಬೇರೆ, ಕಾಳಜಿ ಬೇರೆ. ಎರಡಕ್ಕೂ ಫೋನು ಒಂದೇ, ಮೆಸೇಜೂ ಒಂದೇ, ‘ಎಲ್ಲಿದ್ದೀ?’ ಆ ಪ್ರಶ್ನೆ ಬಂದಾಗ ಮನಸ್ಸು ಹಗುರಾಗುತ್ತದೆಯೋ ಎದೆ ಧಸಕ್ಕೆನ್ನುತ್ತದೆಯೋ ನೋಡಿಕೊಳ್ಳಿ ಎಂದು ಇಲ್ಲಿರುವ ಹುಡುಗಿಯರಿಗೆ ಹೇಳುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಮಾತಿನಿಂದ ಮತ್ತು ಮಾನಸಿಕವಾಗಿ ಕೊಡುವ ಹಿಂಸೆ, ಹಣವನ್ನು ಕೈಗೆ ಸಿಗದ ಹಾಗೆ ಮಾಡುವುದು ಕೂಡ ದೌರ್ಜನ್ಯವೇ. ನನಗೆ ಇದು ಮಗಳ ವಕೀಲರಿಂದ ತಿಳಿಯಿತು. ಮಹಿಳಾ ಸಹಾಯವಾಣಿ 181. ಈ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ಮೇಲಿನ ಮಹಡಿಯ ಹುಡುಗಿಗೆ ಬೇಕಾಗಬಹುದು.

ಹಿಂದಿನ ಕಾಲದ ಪ್ರೀತಿಯೇ ನಿಜ, ಈಗಿನದ್ದೆಲ್ಲ ಪೊಳ್ಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈಗಿನ ಮಕ್ಕಳು ಒಬ್ಬರನ್ನೊಬ್ಬರು ‘ನಿನಗೆ ಇಷ್ಟವಾ?’ ಎಂದು ಕೇಳುತ್ತಾರೆ. ನಮ್ಮನ್ನು ಯಾರು ಕೇಳಿದ್ದರು? ಹಾಗೆಂದು ಹಿಂದೆ ಇರಲೇ ಇಲ್ಲ ಎಂದೂ ಅಲ್ಲ. ಹೋದ ವರ್ಷ ಮಗಳು ನಮ್ಮಿಬ್ಬರನ್ನೂ ಪುಣೆಯ ಫುಲೆ ವಾಡಾಗೆ ಕರೆದುಕೊಂಡು ಹೋಗಿದ್ದಳು. ಹೆಂಡತಿಗೆ ಅಕ್ಷರ ಕಲಿಸಿದ ಜೋತಿಬಾ, 1848ರಲ್ಲಿ ಅದೇ ಊರಿನ ಭಿಡೆ ವಾಡಾದಲ್ಲಿ ಹುಡುಗಿಯರ ಶಾಲೆಯಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿ. ಆಕೆ ಗಂಡನಿಗೆ ಬರೆದ ಮೂರು ಪತ್ರಗಳು ಉಳಿದಿವೆ. 1868ರ ಪತ್ರದಲ್ಲಿ ಒಂದು ಘಟನೆ ಇದೆ. ಬೇರೆ ಬೇರೆ ಜಾತಿಯ ಒಂದು ಜೋಡಿಯನ್ನು ಊರವರು ಕೊಲ್ಲಲು ಹೊರಟಾಗ ತಾನು ಅಡ್ಡ ನಿಂತು ಅವರನ್ನು ಉಳಿಸಿದ್ದನ್ನು ಗಂಡನಿಗೆ ತಿಳಿಸುತ್ತಾರೆ. ತಾನು ಕಂಡದ್ದನ್ನು, ಮಾಡಿದ್ದನ್ನು, ಅನಿಸಿದ್ದನ್ನು ಆತನಿಗೆ ಪೂರ್ತಿ ಹೇಳಬಹುದು ಎಂಬ ಧೈರ್ಯ ಆ ಪತ್ರಗಳಲ್ಲಿದೆ. ನನ್ನ ಲೆಕ್ಕದಲ್ಲಿ ಅವು ಪ್ರೇಮಪತ್ರಗಳೇ. 1890ರಲ್ಲಿ ಜೋತಿಬಾ ತೀರಿಕೊಂಡಾಗ ಚಿತೆಗೆ ಬೆಂಕಿ ಕೊಟ್ಟವರೂ ಸಾವಿತ್ರಿಬಾಯಿಯೇ. ಆ ದಿನ ಅಂಗಳದಲ್ಲಿ ನಿಂತು ಇದನ್ನೆಲ್ಲ ಮಗಳು ಅವರ ಅಪ್ಪನಿಗೆ ನಿಧಾನವಾಗಿ ಬಿಡಿಸಿ ಹೇಳಿದಳು. ನಮ್ಮ ಮನೆಯವರು ಜೋತಿಬಾ ಅವರ ಸಮಾಧಿಯ ಮುಂದೆ ಕೋಲಿಗೆ ಒರಗಿ ಬಹಳ ಹೊತ್ತು ನಿಂತಿದ್ದರು.

ನನ್ನ ಮಗಳಿಗೆ ಈಗ ಮೂವತ್ತಮೂರು. ಮುಂದೆ ಮದುವೆಯಾಗುತ್ತಾಳೋ, ಯಾರನ್ನಾದರೂ ಪ್ರೀತಿಸುತ್ತಾಳೋ, ಒಬ್ಬಳೇ ಇರುತ್ತಾಳೋ ಎಂದು ನೀವು ಊಟದ ಹೊತ್ತಿಗೆ ನನ್ನನ್ನು ಕೇಳುತ್ತೀರಿ ಎಂದು ಗೊತ್ತು. ನನ್ನಲ್ಲಿ ಉತ್ತರವಿಲ್ಲ. ಅವಳು ಹೇಳಿದಾಗ ಕೇಳುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ. ಬಾಯಿ ಹಾಕಬೇಕೆನಿಸಿದರೆ ಬಾಯಿಗೆ ಒಂದು ಚಕ್ಕುಲಿ ಇಟ್ಟುಕೊಳ್ಳುತ್ತೇನೆ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಗಂಡನೋ, ಅತ್ತೆಯೋ, ಮಗನೋ, ಸೊಸೆಯೋ, ಯಾರಾದರೂ ಒಬ್ಬರು ಮಾತು ಶುರು ಮಾಡಿದಾಗ ಅದು ಮುಗಿಯುವ ತನಕ ಸುಮ್ಮನಿರಿ. ಮುಗಿಯಿತು ಅನಿಸಿದ ಮೇಲೂ ಇನ್ನೊಂದು ಕ್ಷಣ ಸುಮ್ಮನಿರಿ. ನಿಜವಾದ ಮಾತು ಎಷ್ಟೋ ಸಲ ಆ ಕ್ಷಣದಲ್ಲಿ ಬರುತ್ತದೆ.

ನಿನ್ನೆ ರಾತ್ರಿ ಈ ಭಾಷಣವನ್ನು ಮನೆಯಲ್ಲಿ ಪೂರ್ತಿ ಓದಿ ತೋರಿಸಿದೆ. ನಮ್ಮವರು ಕೊನೆಯವರೆಗೂ ಕೇಳಿದರು, ನಡುವೆ ಒಂದು ಸಲವೂ ತಡೆಯಲಿಲ್ಲ. ಹೇಗಿದೆ ಎಂದು ಕೇಳಿ ನಾನು ಕಾದೆ. ಅವರು ಯೋಚಿಸಿ, ಶಬ್ದ ಹುಡುಕಿ, ಹೇಳಿದರು:

‘ಚಲೋ ಅದ. ಭಾಳ... ಉದ್ದ ಆತು.’

ಆದ್ದರಿಂದ ಇಲ್ಲಿಗೆ ಮುಗಿಸುತ್ತೇನೆ. ಇಷ್ಟು ಹೊತ್ತು ನನ್ನ ಮಾತು ಮುಗಿಯುವ ತನಕ ಕಾದ ನಿಮಗೆಲ್ಲ ವಂದನೆಗಳು.